ಎರಡು ಹಾರ್ಡ್ ಡಿಸ್ಕು, ಒಂದು ಲಗ್ನಪತ್ರಿಕೆ

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬದಲಿಸುವುದೆಂದರೆ ಬಲ್ಬು ಬದಲಿಸಿದಷ್ಟೇ ಕೆಲಸ ಎಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಹೆಂಡತಿಯ ಎದುರು ಹಾಗೆಂದು ಹೇಳಿಯೂಬಿಟ್ಟೆ. ನಂಬಿಕೆಯನ್ನು ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು. ಹೆಂಡತಿಯ ಎದುರು ಹೇಳಿದ್ದನ್ನು ಬದಲಿಸಿಕೊಳ್ಳಲು ಬರುವುದಿಲ್ಲ.

ಕುಷ್ಟಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಶ್ರದ್ಧಾಂಜಲಿ ಕಾರ್ಡು, ಬಿಲ್ ಬುಕ್ಕು ಎಲ್ಲ ಮಾಡುತ್ತೇನಾದರೂ ನನ್ನ ಹೆಸರು ನಿಂತಿರುವುದು ಲಗ್ನಪತ್ರಿಕೆಯ ಮೇಲೆ. ಮೇಜಿನ ಮೇಲಿನ ಕಂಪ್ಯೂಟರು ಅಂಗಡಿಯಷ್ಟೇ ಹಳೆಯದು. ಅದರಲ್ಲಿರುವ ಕನ್ನಡ ಸಾಫ್ಟ್‌ವೇರು ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ನನ್ನ ಬೆರಳು ಬೇರೆ ಸಾಫ್ಟ್‌ವೇರಿನಲ್ಲಿ ಓಡುವುದಿಲ್ಲ. ಹೀಗಾಗಿ ನಾವು ಮೂವರೂ ಜೊತೆಯಲ್ಲೇ ಮುದುಕರಾಗುತ್ತಿದ್ದೆವು.

ನಮ್ಮ ಕಡೆಯ ಲಗ್ನಪತ್ರಿಕೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ವಧೂವರರಿಗೆ ಸಿಗುವುದು ಎರಡು ಸಾಲು. ಉಳಿದ ಜಾಗವೆಲ್ಲ ‘ಸುಖಾಗಮನ ಬಯಸುವವರು’ ಎಂಬ ಯಾದಿಯದು. ಆ ಯಾದಿಯಲ್ಲಿ ಯಾರ ಹೆಸರು ಯಾರ ಮೇಲೆ, ಯಾರ ಹೆಸರು ಯಾರ ಕೆಳಗೆ ಎಂಬುದು ಹೊಲದ ಬದುವಿನಷ್ಟೇ ಸೂಕ್ಷ್ಮವಾದ ವಿಷಯ. ಒಂದು ಹೆಸರು ಒಂದು ಸಾಲು ಕೆಳಗಿಳಿದರೆ ಆ ಮನೆಯವರು ಲಗ್ನಕ್ಕೆ ಬರುವುದಿಲ್ಲ. ಬಂದರೂ ಊಟ ಮಾಡುವುದಿಲ್ಲ. ಊಟ ಮಾಡಿದರೂ ಚೆನ್ನಾಗಿತ್ತು ಎನ್ನುವುದಿಲ್ಲ!

ಸವಿತಾ ಎಂಬ ಶಾಲೆಯ ಟೀಚರಮ್ಮನ ಲಗ್ನಪತ್ರಿಕೆ ನನ್ನ ಕೈಗೆ ಬಂದದ್ದು ಇಂಥ ಕಾಲದಲ್ಲಿ. ಅವಳಿಗೆ ತಂದೆಯಿಲ್ಲ. ಹನುಮಸಾಗರದ ದೊಡ್ಡಪ್ಪ ಶೇಖರಗೌಡರು ಮನೆಯಲ್ಲಿಟ್ಟುಕೊಂಡು ಬೆಳೆಸಿದವರು. ತಾವರಗೇರಾದ ಸೋದರಮಾವ ಬಸನಗೌಡರು ಓದಿಸಿದವರು. ಇಬ್ಬರಿಗೂ ಅವಳೆಂದರೆ ಜೀವ. ಆದ್ದರಿಂದ ಪತ್ರಿಕೆಯಲ್ಲಿ ಮೊದಲನೆಯ ಹೆಸರು ತಮ್ಮದೇ ಇರಬೇಕೆಂದು ಇಬ್ಬರೂ ನನ್ನ ಅಂಗಡಿಯ ಬೆಂಚಿನ ಎರಡು ತುದಿಗೆ ಮೂರು ದಿನ ಕೂತರು.

"ಬೆಳಿಸಿದಾಂವ ನಾನು" ಎಂದರು ದೊಡ್ಡಪ್ಪ.

"ಬೆಳಿಯೂದು ಜೋಳಾನೂ ಬೆಳಿತೈತಿ. ಓದಿಸಿದಾಂವ ನಾನು" ಎಂದರು ಮಾವ.

ಎತ್ತು ಏರಿಗೆ, ಕೋಣ ನೀರಿಗೆ. ಮೂರನೆಯ ದಿನ ಸವಿತಾ ಒಬ್ಬಳೇ ಬಂದು ಮೆಲ್ಲಗೆ ಹೇಳಿದಳು. "ಮಲ್ಲಪ್ಪ ಕಾಕಾ, ಹೆಂಗಾರ ಮಾಡಿ ಇಬ್ಬರದೂ ಹೊಂದಿಸಿ ಕೊಡ್ರಿ. ನನಗ ಇಬ್ಬರೂ ಅಪ್ಪನ ಜಾಗಾದಾಗ ನಿಂತಾರ. ಒಬ್ಬರು ಸಿಟ್ಟಾಗಿ ಮನ್ಯಾಗ ಕುಂತ್ರ ನನಗ ಆ ಲಗ್ನದ ಅಕ್ಕಿಕಾಳು ಯಾಕ ಬೇಕ್ರಿ."

ಅವಳ ಕಣ್ಣಲ್ಲಿ ನೀರಿತ್ತು. ಆ ಮಂಗಳವಾರ ನಾನು ನನ್ನ ಜೀವಮಾನದ ಶ್ರೇಷ್ಠ ವಿನ್ಯಾಸವನ್ನು ಮಾಡಿದೆ. ಯಾದಿಯನ್ನು ಅಕ್ಕಪಕ್ಕದ ಎರಡು ಕಾಲಮ್ಮುಗಳಾಗಿ ಸೀಳಿದೆ. ಎಡಗಡೆ ದೊಡ್ಡಪ್ಪ ಮೊದಲು, ಬಲಗಡೆ ಮಾವ ಮೊದಲು. ಎರಡೂ ಕಡೆ ಸಮ ಹೆಸರು, ಸಮ ಅಕ್ಷರ, ಸಮ ಎತ್ತರ. ಇಬ್ಬರೂ ಅಳತೆಪಟ್ಟಿ ಹಿಡಿದು ಅಳೆದು ನೋಡಿದರು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲವೆಂದು ಖಾತ್ರಿಯಾದ ಮೇಲೆ ಪ್ರೂಫಿನ ಹಾಳೆಗೆ ಸಹಿ ಹಾಕಿದರು. ದೊಡ್ಡಪ್ಪ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಇನ್ನ ಇದನ್ನ ಯಾರೂ ಬಿಚ್ಚಿ ನೋಡೂದು ಬ್ಯಾಡ. ಫೋಟೋನೂ ಹೊಡಿಬ್ಯಾಡ್ರಿ. ಉಳದ ಬೀಗರು ನೋಡಿದ್ರ ಮತ್ತ ಸುರು ಆಗ್ತೈತಿ" ಎಂದರು ಮಾವ. "ಮಲ್ಲಪ್ಪ, ಸೋಮವಾರ ಮೊದಲನೇ ಪತ್ರಿಕಿ ಮನೆದೇವರ ಮುಂದ ಇಡಬೇಕು. ತಪ್ಪಬಾರದು."

"ತಪ್ಪೂದ ಇಲ್ರಿ ಗೌಡ್ರ" ಎಂದೆ.

ಬುಧವಾರ ಬೆಳಿಗ್ಗೆ ಕಂಪ್ಯೂಟರು ಟಕ್ ಟಕ್ ಎಂದು ಹಲ್ಲು ಕಡಿಯಿತು. ಆಮೇಲೆ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷು ಬರೆದು ಸುಮ್ಮನಾಯಿತು. ಇನ್ನೊಂದು ಕಡೆ ಕಾಪಿ ಇಟ್ಟಿರಲಿಲ್ಲವೇ ಎಂದು ದಯವಿಟ್ಟು ಕೇಳಬೇಡಿ. ಹೆಂಡತಿ ಅನ್ನಪೂರ್ಣ ಆಗಲೇ ಕೇಳಿದ್ದಾಳೆ.

"ದೊಡ್ಡಪ್ಪಾರ ಹತ್ರ ಸಹಿ ಮಾಡಿದ ಹಾಳಿ ಐತೆಲ್ರಿ. ಇಸಗೊಂಬಂದು ಮತ್ತ ಟೈಪ್ ಮಾಡ್ರಿ" ಎಂದಳು.

"ಅದನ್ನ ಬಿಚ್ಚಿದ್ರ ಆ ಇಬ್ಬರೂ ಮತ್ತ ಮೂರು ದಿನ ಬೆಂಚಿನ ಮ್ಯಾಲ ಕುಂದರ್ತಾರ. ಸೋಮವಾರ ಹೋಗ್ಲಿ, ಲಗ್ನದ ತಿಂಗಳ ದಾಟತೈತಿ" ಎಂದೆ. "ಡಿಸ್ಕ್ ಪೂರ್ತಿ ಸತ್ತಿಲ್ಲ. ಅದರ ಹೆಸರು ಇನ್ನೂ ಪರದೆ ಮ್ಯಾಲ ಬರ್ತೈತಿ. ಇನ್ನೊಂದು ಡಿಸ್ಕ್ ತಂದು ಅದರ ಬಾಜೂಕ ಜೋಡಸಬೇಕು, ಹೊಸದರಿಂದ ಮಷೀನ್ ಚಾಲೂ ಮಾಡ್ಬೇಕು, ಹಳೇದ್ರಾಗಿನ ಫೈಲ್ ಎತ್ತಬೇಕು. ಬಲ್ಬ್ ಬದಲಿ ಮಾಡಿದಂಗ."

"ಬಲ್ಬೂ ಕಳದ ಸಲ ಪಕ್ಕದಮನಿ ಅಣ್ಣಾರ ಹಾಕಿ ಹೋದ್ರು" ಎಂದಳು ಅನ್ನಪೂರ್ಣ.

ನಾನು ಗಂಗಾವತಿ ಬಸ್ಸು ಹತ್ತಿದೆ. ಅಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿರುವ ಖಾಜಾಭಾಯಿ ನನ್ನ ಹಳೆಯ ಪರಿಚಯಸ್ಥ. ಅವನು ಬಾಯಿ ತೆರೆಯುವ ಮೊದಲೇ ನಾನು ದೊರೆಯ ಗತ್ತಿನಲ್ಲಿ ಅಪ್ಪಣೆ ಕೊಡಿಸಿದೆ. "ಖಾಜಾಭಾಯಿ, ಹಾರ್ಡ್ ಡಿಸ್ಕ್ ಕೊಡ್ರಿ. ಇದ್ದುದ್ರಾಗ ದೊಡ್ಡದು."

"ಯಾವ ಮಷೀನಿಗ್ರಿ ಮಲ್ಲಣ್ಣಾ?"

"ಕಂಪ್ಯೂಟರಿಗೆ" ಎಂದೆ.

ಅವನು ಇನ್ನೇನೋ ಕೇಳಲು ಹೊರಟ. ವಾಪಸು ಬಸ್ಸು ಹೊರಡುವುದರಲ್ಲಿತ್ತು. ಹೊಸ ಡಿಸ್ಕನ್ನು ಕೂಸಿನಂತೆ ಎದೆಗವಚಿಕೊಂಡು ಮನೆಗೆ ಬಂದೆ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದರೆ ಹಳೆಯ ಡಿಸ್ಕಿನ ಬೆನ್ನಿಗೆ ಅಂಗೈ ಅಗಲದ ಚಪ್ಪಟೆ ವೈರು, ಅದರ ಬಾಯ್ತುಂಬ ಸಾಲು ಸಾಲು ತೂತು. ಹೊಸ ಡಿಸ್ಕಿನ ಬೆನ್ನಿನಲ್ಲಿ ಬೆರಳಗಲದ ಒಂದು ಸೀಳು ಮಾತ್ರ ಇತ್ತು. ಅಗಲದ ವೈರನ್ನು ಸೀಳಿಗೆ ಹಿಡಿದು ಒತ್ತಿದೆ. ತಿರುಗಿಸಿ ಒತ್ತಿದೆ. ಎದ್ದು ನಿಂತು ಒತ್ತಿದೆ.

"ಬಳಿ ಇಡಿಸುವಾಕಿಗೂ ಕೈ ನೋಡಿ ಬಳಿ ತಗೀಬೇಕಂತ ಗೊತ್ತಿರತೈತ್ರಿ" ಎಂದು ಅಡುಗೆಮನೆಯಿಂದ ದನಿ ಬಂತು.

ಗುರುವಾರ ಮತ್ತೆ ಗಂಗಾವತಿ. ಖಾಜಾಭಾಯಿ ಈ ಸಲ ನನ್ನ ಕಂಪ್ಯೂಟರಿನ ವಯಸ್ಸು ಕೇಳಿದ. ಹೇಳಿದೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಬೆಂಕಿಪೊಟ್ಟಣದಷ್ಟು ದೊಡ್ಡ ಕನ್ವರ್ಟರ್ ಎಂಬ ಸಾಮಾನು ಕೊಟ್ಟು, ಒಂದು ಕಡೆಗೆ ಹಳೆಯ ವೈರು, ಇನ್ನೊಂದು ಕಡೆಗೆ ಹೊಸ ಡಿಸ್ಕು ಸೇರುತ್ತದೆಂದು ತೋರಿಸಿದ. "ಆದ್ರ ಮಲ್ಲಣ್ಣಾ, ಖಾತ್ರಿ ಇಲ್ರಿ" ಎಂದೂ ಸೇರಿಸಿದ. ಖಾತ್ರಿ ಇಲ್ಲ ಎಂಬ ಮಾತು ಬಸ್ಸಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲವೆಂದು ಆಮೇಲೆ ಹೆಂಡತಿಗೆ ಹೇಳಿದೆ. ಅಂಗಡಿಯೊಳಗೆ ಬಸ್ಸು ಇರಲಿಲ್ಲ, ನಿಜ.

ಕನ್ವರ್ಟರು ಸೇರಿತು. ವೈರು ಕೂತಿತು. ಗೆದ್ದೆ ಎಂದು ಮೀಸೆಯ ಮೇಲೆ ಕೈಯಾಡಿಸಿ ಗುಂಡಿ ಒತ್ತಿದೆ. ಕಂಪ್ಯೂಟರು ಡಿಸ್ಕನ್ನು ಹುಡುಕತೊಡಗಿತು. ಚಹಾ ಕುಡಿದೆ, ಹುಡುಕುತ್ತಿತ್ತು. ಊಟ ಮಾಡಿದೆ, ಹುಡುಕುತ್ತಿತ್ತು. ಕೊನೆಗೆ ಖಾಜಾಭಾಯಿಗೆ ಫೋನ್ ಮಾಡಿದೆ.

"ಮಷೀನ್ ಭಾಳ ಹಳೇದೈತ್ರಿ. ಅಷ್ಟು ದೊಡ್ಡ ಡಿಸ್ಕ್ ಅದಕ್ಕ ಗುರ್ತ ಸಿಗಂಗಿಲ್ಲ. ಅದೇ ಜಮಾನಾದ ಡಿಸ್ಕ್ ಬೇಕು. ನನ್ನ ಹತ್ರ ಇಲ್ಲ. ಯಲಬುರ್ಗಾದಾಗ ನನ್ನ ದೋಸ್ತ್ ಒಬ್ಬಾಂವ ಟೈಪಿಂಗ್ ಕ್ಲಾಸ್ ಬಂದ್ ಮಾಡ್ಯಾನ. ಅವನ ಮನ್ಯಾಗ ಹಳೇ ಮಷೀನ್ ಬಿದ್ದಾವ, ಹೋಗಿ ನೋಡ್ರಿ."

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ದೊಡ್ಡಪ್ಪ ಶೇಖರಗೌಡರು! ಕಂಪ್ಯೂಟರಿನ ಕರುಳೆಲ್ಲ ಮೇಜಿನ ಮೇಲೆ ಹರಡಿತ್ತು.

"ಏನ್ ಮಲ್ಲಪ್ಪ, ಕೆಟ್ಟೈತೇನು?"

"ಇಲ್ರಿ ಗೌಡ್ರ, ಧೂಳಾ ಝಾಡಸಾಕತ್ತೀನಿ. ನಿಮ್ಮ ಪತ್ರಿಕಿ ಸ್ವಚ್ಛ ಬರ್ಲಿ ಅಂತ."

"ಛಲೋ" ಎಂದು ಗೌಡರು ಬೆಂಚಿನ ಮೇಲೆ ಕೂತರು. ನಾನು ಅವರ ಎದುರು ಒಂದು ತಾಸು ಧೂಳು ಝಾಡಿಸಿದೆ. ಆ ಕಂಪ್ಯೂಟರು ಹುಟ್ಟಿದಂದಿನಿಂದ ಅಷ್ಟು ಸ್ವಚ್ಛವಾಗಿದ್ದಿಲ್ಲ.

ಶುಕ್ರವಾರ ಯಲಬುರ್ಗಾ. ಟೈಪಿಂಗ್ ಕ್ಲಾಸಿನ ಯಜಮಾನರು ಶೇಂಗಾ ಚೀಲಗಳ ಹಿಂದಿನಿಂದ ಒಂದು ಕಂಪ್ಯೂಟರನ್ನು ಎಳೆದು, ಅದರ ಡಿಸ್ಕ್ ಬಿಚ್ಚಿ ಕೊಟ್ಟರು. ಅದೇ ಜಮಾನಾ, ಅದೇ ಅಗಲದ ಬಾಯಿ! ನೋಡಿದ ಕೂಡಲೇ ಕಳೆದುಹೋದ ತಮ್ಮ ಸಿಕ್ಕಷ್ಟು ಸಂತೋಷವಾಯಿತು.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಕೆಲಸಕ್ಕೆ ಕೂತೆ. ಮಧ್ಯಾಹ್ನದೊಳಗೆ ಟ್ರೇಸಿಂಗ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ಇಳಕಲ್ಲಿನ ಪ್ರೆಸ್ಸಿಗೆ ಮುಟ್ಟಿಸದಿದ್ದರೆ ಸೋಮವಾರದ ಮಾತು ಮುಗಿದಂತೆ. ಎರಡು ಸಲ ಕೆಟ್ಟಿದ್ದರಿಂದ ಈ ಸಲ ಶಾಸ್ತ್ರೋಕ್ತವಾಗಿ ಮಾಡೋಣವೆಂದು ಯಲಬುರ್ಗಾದ ಡಿಸ್ಕನ್ನು ದೇವರ ಮುಂದಿಟ್ಟೆ. ವಿಭೂತಿ ಗಟ್ಟಿಯನ್ನು ಒದ್ದೆ ಮಾಡಿ ಅದರ ಹಣೆಯ ಮೇಲೆ ಮೂರು ಬೆರಳು ಎಳೆದೆ. ನಡುವೆ ಕುಂಕುಮ ಇಟ್ಟೆ. ಊದಿನಕಡ್ಡಿ ಬೆಳಗಿದೆ. ಹಳೆಯದಕ್ಕೆ ಬೇಸರವಾಗಬಾರದೆಂದು ಅದಕ್ಕೂ ಮೂರು ಬೆರಳು ಎಳೆದೆ.

ಮೊದಲು ಯಲಬುರ್ಗಾದ ಡಿಸ್ಕನ್ನು ಒಂದನ್ನೇ ಜೋಡಿಸಿದೆ. ಕಂಪ್ಯೂಟರು ಚಾಲೂ ಆಯಿತು! ಯಾರೋ ಬಿಟ್ಟುಹೋದ ಟೈಪಿಂಗ್ ಪಾಠ ಪರದೆಯ ಮೇಲೆ ಮೂಡಿತು. ಅದನ್ನು ತೆಗೆದು ಹಳೆಯ ಡಿಸ್ಕನ್ನು ಒಂದನ್ನೇ ಜೋಡಿಸಿದೆ. ಚಾಲೂ ಆಗದಿದ್ದರೂ ತನ್ನ ಹೆಸರು ಹೇಳಿತು. ಆಹಾ! ಎರಡನ್ನೂ ಒಂದೇ ಚಪ್ಪಟೆ ವೈರಿಗೆ ಸೇರಿಸಿ ಗುಂಡಿ ಒತ್ತಿದೆ.

ಪರದೆ ಕಪ್ಪಗಾಯಿತು. ಅದೂ ಇಲ್ಲ, ಇದೂ ಇಲ್ಲ.

ಬಿಚ್ಚಿದೆ, ಒಂದೊಂದೇ ಹಾಕಿದೆ, ಇಬ್ಬರೂ ಹಾಜರು. ಸೇರಿಸಿದೆ, ಇಬ್ಬರೂ ನಾಪತ್ತೆ. ಹತ್ತೂವರೆ ಆಯಿತು. ಇಲ್ಲಿಯ ತನಕ ನನ್ನ ಅಹಂಕಾರ ಹೇಗೋ ನನ್ನನ್ನು ನಿಲ್ಲಿಸಿತ್ತು. ಈಗ ಸವಿತಾಳ ಕಣ್ಣು ನೆನಪಾಯಿತು. ಆ ಹುಡುಗಿಗೆ ಏನೆಂದು ಹೇಳಲಿ? ನಿನ್ನ ಇಬ್ಬರು ಅಪ್ಪಂದಿರನ್ನು ಹೊಂದಿಸಿದ್ದೆನವ್ವಾ, ಆದರೆ ಕಳೆದುಬಿಟ್ಟೆ ಎಂದೇ?

"ವಿಭೂತಿ ಪುಡಿ ಒಳಗ ಹೋಗೈತಿ. ಅದಕ್ಕ ಕೆಟ್ಟೈತಿ" ಎಂದು ನೆಲದ ಮೇಲೆ ಕುಸಿದು ಕೂತೆ.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎನ್ನುತ್ತ ಅನ್ನಪೂರ್ಣ ಬಂದು ಡಿಸ್ಕನ್ನು ಎತ್ತಿಕೊಂಡಳು. "ವೈರ್ ಹೋಗೂದು ಹಿಂದ. ನೀವು ವಿಭೂತಿ ಬಳದದ್ದು ಮ್ಯಾಲ, ಚೀಟಿ ಮ್ಯಾಲ. ಚೀಟ್ಯಾಗ ಏನ್ ಬರದಾರಂತ ಓದೀರೇನು?"

ಓದಿರಲಿಲ್ಲ. ಓದದೆ ಪೂಜೆ ಮಾಡಿದ್ದೆ. ಅವಳು ಸೆರಗಿನಿಂದ ವಿಭೂತಿ ಒರೆಸಿದಳು. ಅದರ ಅಡಿಯಿಂದ ಒಂದು ಪುಟ್ಟ ಚಿತ್ರ ಹೊರಬಂತು. ಡಿಸ್ಕಿನ ಬೆನ್ನಲ್ಲಿರುವ ಸಣ್ಣ ಮುಳ್ಳುಗಳ ಚಿತ್ರ. ಒಂದು ಜೋಡಿ ಮುಳ್ಳಿಗೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿದರೆ ‘ಮಾಸ್ಟರ್’, ತೆಗೆದು ಪಕ್ಕದ ಜೋಡಿಗೆ ಹಾಕಿದರೆ ‘ಸ್ಲೇವ್’. ಅನ್ನಪೂರ್ಣ ಎರಡೂ ಡಿಸ್ಕಿನ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದಳು.

"ನೋಡ್ರಿ ಇಲ್ಲಿ. ಎರಡಕ್ಕೂ ಟೊಪ್ಪಿಗಿ ಮಾಸ್ಟರ್ ಕಡೀಗೆ ಐತಿ. ಒಂದ ವೈರಿಗೆ ಇಬ್ಬರೂ ನಾನ ದೊಡ್ಡಾಂವ ಅಂದ್ರ ಮಷೀನ್ ಯಾರ ಮಾತು ಕೇಳ್ಬೇಕು? ಆ ಇಬ್ಬರು ಗೌಡ್ರ ಕಥಿ ಆತು ಇದು."

ನಾನು ಬೆರಗಾಗಿ ಅವಳನ್ನೇ ನೋಡಿದೆ. ಮೂರು ದಿನ ಮೂರು ಬಸ್ಸು ಹತ್ತಿ ಇಳಿದವನಿಗೆ ಕಾಣದ್ದು ಅವಳ ಸೆರಗಿಗೆ ಕಂಡಿತ್ತು.

ಮುಳ್ಳು ಕೀಳುವ ಚಿಮಟಿಗೆ ತಂದು ಹಳೆಯ ಡಿಸ್ಕಿನ ಟೊಪ್ಪಿಗೆಯನ್ನು ಹಿಡಿದೆಳೆದೆ. ಟೊಪ್ಪಿಗೆ ಚಿಟಿಕ್ಕನೆ ಹಾರಿತು! ಇಬ್ಬರೂ ನೆಲದ ಮೇಲೆ ಬಗ್ಗಿ ಹುಡುಕಿದೆವು. ಮೇಜು ಸರಿಸಿದೆವು, ಬೆಂಚು ಸರಿಸಿದೆವು, ಕಸಬರಿಗೆ ಝಾಡಿಸಿದೆವು. ಅಯ್ಯೋ ಶಿವನೇ ಎಂದು ಹಣೆ ಬಡಿದುಕೊಳ್ಳಲು ಎದ್ದು ನಿಂತಾಗ ಅಂಗಾಲಿಗೆ ಏನೋ ಚುಚ್ಚಿತು. ಟೊಪ್ಪಿಗೆ ನನ್ನ ಕಾಲಿಗೇ ಅಂಟಿಕೊಂಡು ಇಡೀ ಅಂಗಡಿ ತಿರುಗಿತ್ತು.

ಅದನ್ನು ಅನ್ನಪೂರ್ಣಳೇ ಪಕ್ಕದ ಜೋಡಿಗೆ ತೊಡಿಸಿದಳು. ಗುಂಡಿ ಒತ್ತಿದೆ. ಪರದೆಯ ಮೇಲೆ ಮೊದಲನೆಯ ಸಾಲಿನಲ್ಲಿ ಯಲಬುರ್ಗಾದ ಡಿಸ್ಕು, ಎರಡನೆಯ ಸಾಲಿನಲ್ಲಿ ಕುಷ್ಟಗಿಯದು. ಎರಡೂ ಬಂದವು!

ಕನ್ನಡ ಸಾಫ್ಟ್‌ವೇರಿನ ಸಿಡಿ ನನ್ನಲ್ಲಿತ್ತು, ಹಾಕಿದೆ. ಹಳೆಯ ಡಿಸ್ಕಿನಿಂದ ಸವಿತಾಳ ಪತ್ರಿಕೆಯನ್ನು ಯಲಬುರ್ಗಾದ ಡಿಸ್ಕಿಗೆ ಎಳೆದೆ. ಫೈಲು ದಾಟಿತು. ಹಿಂದೆಯೇ ಉಳಿದ ಲಗ್ನಪತ್ರಿಕೆಗಳೆಲ್ಲ ಸಾಲಾಗಿ ದಾಟಿದವು. ಕೊನೆಯದು ದಾಟಿದ ಮೇಲೆ ಹಳೆಯ ಡಿಸ್ಕು ಒಂದು ಸಲ ಟಕ್ ಎಂದಿತು. ಮತ್ತೆ ಮಾತಾಡಲಿಲ್ಲ.

ನನ್ನ ಸಂತೋಷವನ್ನು ಏನೆಂದು ವರ್ಣಿಸಲಿ! ಪ್ರಿಂಟ್ ತೆಗೆದು ಇಳಕಲ್ಲಿಗೆ ಕಳಿಸಿದೆ. ಓಣಿಯವರಿಗೆಲ್ಲ ಸಕ್ಕರೆ ಹಂಚಿದೆ. ಪಕ್ಕದ ಮನೆಯ ಅಣ್ಣನಿಗೆ ಮಾಸ್ಟರ್ ಎಂದರೇನು, ಸ್ಲೇವ್ ಎಂದರೇನು ಎಂಬುದನ್ನು ಅವನು ಎದ್ದು ಹೋಗುವವರೆಗೆ ವಿವರಿಸಿದೆ.

ಭಾನುವಾರ ಮಧ್ಯಾಹ್ನ ಪ್ರೆಸ್ಸಿನಿಂದ ಪತ್ರಿಕೆಯ ಕಟ್ಟುಗಳು ಬಂದವು. ಒಂದು ಕಡೆಯಿಂದ ದೊಡ್ಡಪ್ಪ, ಇನ್ನೊಂದು ಕಡೆಯಿಂದ ಮಾವ, ನಡುವೆ ಸವಿತಾ. ಗೌಡರಿಬ್ಬರೂ ಒಂದೊಂದು ಪತ್ರಿಕೆ ಹಿಡಿದು ಬೆರಳಿಟ್ಟು ಓದಿದರು.

"ನಮ್ಮ ಕಡೀದು ಸರಿ ಐತಿ" ಎಂದರು ದೊಡ್ಡಪ್ಪ.

"ನಮ್ಮದೂ ಸರಿ ಐತಿ" ಎಂದರು ಮಾವ. ಇಷ್ಟು ದಿನದ ಮೇಲೆ ಇಬ್ಬರೂ ಬೆಂಚಿನ ನಡುವೆ ಒತ್ತೊತ್ತಿಗೆ ಕೂತು ಒಂದೇ ತಾಟಿನಿಂದ ಚುರುಮುರಿ ತಿಂದರು. ಸವಿತಾಳ ಮುಖ ಅರಳಿತು. ನಾನು ಗಂಟಲು ಸರಿಪಡಿಸಿಕೊಂಡು, "ಈ ಪತ್ರಿಕೆ ಉಳಿಸಲಿಕ್ಕೆ ನಾ ಏನೇನು ಪಟ್ಟೀನಿ ಅಂದ್ರ ಗೌಡ್ರ" ಎಂದು ಗಂಗಾವತಿಯ ಬಸ್ಸಿನಿಂದ ಸುರು ಮಾಡಿದೆ.

ನಾನಿನ್ನೂ ಯಲಬುರ್ಗಾ ಮುಟ್ಟಿರಲಿಲ್ಲ. ಸವಿತಾ ಪತ್ರಿಕೆಯನ್ನು ಹೊರಳಿಸಿ, ಮತ್ತೆ ಹೊರಳಿಸಿ ಕೇಳಿದಳು. "ಕಾಕಾ, ಎಲ್ಲಾರ ಹೆಸರೂ ಅದಾವ್ರಿ. ಲಗ್ನ ಯಾವತ್ತ ಅಂತ ಎಲ್ಲಿ ಐತ್ರಿ?"

ಪತ್ರಿಕೆ ಕಸಿದು ನೋಡಿದೆ. ಬಳಗವಿತ್ತು, ವರನಿದ್ದ, ವಧು ಇದ್ದಳು, ಕಲ್ಯಾಣಮಂಟಪವಿತ್ತು. ತಾರೀಖು ಇರಲಿಲ್ಲ. ಮುಹೂರ್ತ ಇರಲಿಲ್ಲ!

"ಹಳೇ ಡಿಸ್ಕ್ ನೋಡವಾ. ದಾಟೂ ಮುಂದ ಉದುರಿರಬೇಕು" ಎಂದೆ.

ಅನ್ನಪೂರ್ಣ ಕಂಪ್ಯೂಟರಿನಲ್ಲಿ ಫೈಲು ತೆರೆದಳು. ತಾರೀಖೂ ಮುಹೂರ್ತವೂ ಅಲ್ಲೇ ಇದ್ದವು. ಪುಟದ ಒಳಗಲ್ಲ, ಪುಟದ ಅಂಚಿನ ಆಚೆ, ಪ್ರಿಂಟಿಗೆ ಬಾರದ ಜಾಗದಲ್ಲಿ, ಮಂಟಪದೊಳಗೆ ಜಾಗ ಸಿಗದೆ ಹೊರಗೆ ನಿಂತ ಬೀಗರ ಹಾಗೆ. ಮಂಗಳವಾರ ಎರಡೂ ಕಡೆ ಸಮ ಮಾಡಲು ಕೊನೆಯ ಎರಡು ಹೆಸರು ತುರುಕುವಾಗ, ಆಮೇಲೆ ಒಳಗೆ ತರೋಣವೆಂದು ನಾನೇ ಅವನ್ನು ಆಚೆ ಎಳೆದಿಟ್ಟಿದ್ದೆ. ಸತ್ತ ಡಿಸ್ಕು ಒಂದಕ್ಷರವನ್ನೂ ಕಳೆದಿರಲಿಲ್ಲ. ಕಳೆದವನು ಮೇಜಿನ ಈಚೆ ಕೂತಿದ್ದ.

ಗೌಡರಿಬ್ಬರೂ ನನ್ನ ಕಡೆ ತಿರುಗಿದರು. ಆಮೇಲೆ ದೊಡ್ಡಪ್ಪ ಜೇಬಿನಿಂದ ಸಹಿ ಹಾಕಿದ ಹಾಳೆ ತೆಗೆದು ಬಿಚ್ಚಿದರು. ಅದರಲ್ಲೂ ತಾರೀಖು ಇರಲಿಲ್ಲ. ಪಟ್ಟಿ ಹಿಡಿದು ಅಳೆದವರು, ಒಂದೊಂದು ಹೆಸರನ್ನೂ ಎಣಿಸಿದವರು, ಇಬ್ಬರೂ ಲಗ್ನವೇ ಇಲ್ಲದ ಲಗ್ನಪತ್ರಿಕೆಗೆ ಸಹಿ ಹಾಕಿದ್ದರು. ಹಾಳೆ ಮೆಲ್ಲಗೆ ಜೇಬಿಗೆ ಹೋಯಿತು.

"ತಪ್ಪು ಎಲ್ಲಾರದೂ ಆಗತೈತಿ" ಎಂದರು ದೊಡ್ಡಪ್ಪ.

"ಮನಷಾ ಅಂದಮ್ಯಾಲ ಆಗತೈತಿ" ಎಂದರು ಮಾವ. ಆ ವರ್ಷ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಸವಿತಾ ಸೆರಗು ಬಾಯಿಗೆ ಹಿಡಿದು ನಗತೊಡಗಿದವಳು ನಿಲ್ಲಿಸಲೇ ಇಲ್ಲ.

"ರಬ್ಬರ್ ಸಿಕ್ಕಾ ಮಾಡಿಸ್ಕೊಂಬರ್ರಿ. ಹೊಡದು ಕೊಡೂಣು" ಎಂದಳು ಅನ್ನಪೂರ್ಣ.

ಮುಂದಿನ ಓಣಿಯಲ್ಲಿ ರಬ್ಬರ್ ಮೊಹರು ಮಾಡುವವನ ಮುಂದೆ ನಿಂತು ತಾರೀಖು, ಮುಹೂರ್ತದ ಸಿಕ್ಕಾ ಮಾಡಿಸಿಕೊಂಡು ಬಂದೆ. ಗೌಡರಿಬ್ಬರೂ ಪಟ್ಟಿ ಹಿಡಿದು, ಸಿಕ್ಕಾ ಎಡಕ್ಕೂ ವಾಲಬಾರದು, ಬಲಕ್ಕೂ ವಾಲಬಾರದು, ಎರಡು ಯಾದಿಯ ಸರಿಯಾಗಿ ನಡುವೆ ಬೀಳಬೇಕೆಂದು ಗೆರೆ ತೋರಿಸಿದರು. ನಾನು ಹೊಡೆದ ಮೊದಲ ಮೂರು ವಾಲಿದವು. ಉಳಿದ ಅಷ್ಟನ್ನೂ ಅನ್ನಪೂರ್ಣ ಹೊಡೆದಳು, ನಾನು ಮಸಿ ಒಣಗಲೆಂದು ಊದಿದೆ.

ಸೋಮವಾರ ಮೊದಲನೆಯ ಪತ್ರಿಕೆ ಮನೆದೇವರ ಮುಂದೆ ಕೂತಿತು. ಲಗ್ನದ ದಿನ ಇಬ್ಬರು ಗೌಡರೂ ಸವಿತಾಳ ಎರಡು ಪಕ್ಕದಲ್ಲಿ ನಿಂತು ಅಕ್ಕಿಕಾಳು ಹಾಕಿದರು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು, ನಾನು ನೋಡಿದೆ. ಬಿಳಿ ಪತ್ರಿಕೆಯ ಮೇಲೆ ನೇರಳೆ ಮಸಿಯ ತಾರೀಖು ಎದ್ದು ಕಂಡದ್ದರಿಂದ ಬಳಗವೆಲ್ಲ ಎಂದೂ ಇಲ್ಲದಂತೆ ಹೊತ್ತಿಗೆ ಸರಿಯಾಗಿ ಬಂದಿತ್ತು. ನಾನು ಮಂಟಪದಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ.

ಅದಾದ ವಾರಕ್ಕೆ ಅಂಗಡಿಗೆ ಹೊಸ ಗಿರಾಕಿ ಬಂದರು. "ಆ ಗೌಡ್ರ ಪತ್ರಿಕೀಗೆ ನಡುವ ಸಿಕ್ಕಾ ಹೊಡದೀರಿ ನೋಡ್ರಿ, ಅಂಥ ಡಿಜೈನ್ ನಮಗೂ ಬೇಕು" ಎಂದರು.

ನಾನು ಪೆನ್ನು ತೆರೆದು, ಗಂಭೀರವಾಗಿ ಕನ್ನಡಕ ಏರಿಸಿದೆ. ಒಳಗಿನಿಂದ ಅನ್ನಪೂರ್ಣಳ ದನಿ ಬಂತು.

"ಅದು ಇವರು ಮರತ್ರ ಮಾತ್ರ ಬರ್ತೈತ್ರಿ ಅಣ್ಣಾರ. ಆರ್ಡರ್ ಕೊಟ್ರ ಬರಂಗಿಲ್ಲ."